ಲಂಡನ್ ದವಡೆ, ಅಥಣಿ ಚಪ್ಪಲಿ

ನಮ್ಮ ಅಥಣಿ ಭಾಗದಲ್ಲಿ ಲಂಡನ್ನಿನ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಇದು ನನ್ನ ಅಭಿಪ್ರಾಯ. ಬೇರೆ ಯಾರೂ ಹೇಳಿದ್ದಲ್ಲ! ಮೂವತ್ತು ವರ್ಷ ಇಂಗ್ಲಿಷ್ ಮಾಸ್ತರನಾಗಿ, ಮಕ್ಕಳ ಬಾಯಿಂದ ಊರ ಇಂಗ್ಲಿಷನ್ನು ಓಡಿಸಲು ಬೆತ್ತ ಸವೆಸಿ ನಿವೃತ್ತನಾದವನು.

ಹೀಗಿರುವಾಗ, ನನ್ನ ಹಳೆಯ ವಿದ್ಯಾರ್ಥಿನಿ ಸಾವಿತ್ರಿಯ ಚಪ್ಪಲಿ ಸಂಘಕ್ಕೆ ಪರದೇಶದ ಮೇಡಂ ಬರುತ್ತಾರೆಂದು ತಿಳಿಯಿತು. ಇನ್ನೂರು ಜೋಡಿಯ ಆರ್ಡರ್ ಸಿಕ್ಕರೆ ಹನ್ನೆರಡು ಹೆಣ್ಣುಮಕ್ಕಳಿಗೆ ಮಳೆಗಾಲವಿಡೀ ಕೈತುಂಬ ಕೆಲಸ. ದುಭಾಷಿಯ ಹೊಣೆಯನ್ನು ನಾನೇ ಹೊತ್ತುಕೊಂಡೆ. ಯಾರೂ ಕೇಳಿರಲಿಲ್ಲ.

"ಮೇಡಂ ಮುಂದ ನೀ ಬಾಯಿ ತಗೀಬ್ಯಾಡವಾ. ನಿನ್ನ ಇಂಗ್ಲಿಷ್ ಕೇಳಿದ್ರ ಆರ್ಡರ್ ಓಡಿ ಹೊಕ್ಕೈತಿ!" ಎಂದು ಸಾವಿತ್ರಿಗೆ ತಾಕೀತು ಮಾಡಿದೆ.

"ಆತ್ರಿ ಸರ್ರ," ಎಂದಳು ಪಾಪ.

ಮೂರು ದಿನ ಕನ್ನಡಿಯ ಮುಂದೆ ತಾಲೀಮು ನಡೆಯಿತು. ದವಡೆ ಅಲುಗಿಸದೆ ಮಾತಾಡುವುದೇ ಲಂಡನ್ ಶೈಲಿಯ ಗುಟ್ಟು. ಹೆಂಡತಿ ಪದ್ಮಾ ಇಣುಕಿದಳು.

"ರೀ, ಬಿಸಿ ಬದನಿಕಾಯಿ ಬಾಯಾಗ ಇಟ್ಕೊಂಡೀರೇನ?"

"ಲಂಡನ್ ಅಂದ್ರ ನಿನಗೇನ ಗೊತ್ತ?"

"ನೀವರ ಮಿರಜ ದಾಟಿ ಎಲ್ಲಿ ಹೋಗೀರಿ?"

ಮೇಡಂ ಬಂದರು. ಲಂಡನ್ನಿನವರಲ್ಲ, ಕೀನ್ಯಾದವರು! ಆದರೂ ನಾನು ಬಿಡುವವನೇ? ಚಪ್ಪಲಿಯ ಚರಿತ್ರೆಯನ್ನು ಕಾಲು ಗಂಟೆ ಮಂಡಿಸಿದೆ. ಮೇಡಂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೊನೆಗೆ ಮರುಕದಿಂದ ಕೇಳಿದರು: "ಸರ್, ಟೂತ್ ಪೇನ್?"

ಅದು ಮಾತ್ರ ಎಲ್ಲರಿಗೂ ತಿಳಿಯಿತು! ಚಹಾ ತಂದಿದ್ದ ಪದ್ಮಾ ಓಡಿಹೋಗಿ ಲವಂಗ ತಂದು ನನ್ನ ಬಾಯಿಗೆ ತುರುಕಿ ಮನೆಗೆ ಮರಳಿದಳು.

ಮೇಡಂ ಗಡಿಯಾರ ನೋಡಿ ಚೀಲ ಎತ್ತಿಕೊಂಡರು. ಹನ್ನೆರಡು ಮಂದಿಯ ಕೆಲಸ ನನ್ನ ದವಡೆಯಲ್ಲೇ ಸಿಕ್ಕಿಕೊಂಡಿತ್ತಲ್ಲ! ಆಗ ಸಾವಿತ್ರಿ ತಡೆಯಲಾರದೆ ಒಂದು ಜೋಡಿ ಎತ್ತಿ ಹಿಡಿದಳು.

"ಮೇಡಂ! ಫಸ್ಟ್ ಡೇ ಬೈಟಿಂಗ್. ನೈಟ್ ಆಯಿಲ್ ಪುಟ್ಟಿಂಗ್. ಸೆಕೆಂಡ್ ಡೇ ಫುಲ್ ದೋಸ್ತಿ!"

ನಾನು ಕಣ್ಣು ಮುಚ್ಚಿಕೊಂಡೆ. ಕೇಳಿಸಿದ್ದು ಮೇಡಮ್ಮರ ನಗು. ತಮ್ಮೂರಲ್ಲೂ ಹೊಸ ಚಪ್ಪಲಿ ಕಚ್ಚುತ್ತದಂತೆ! ಚೀಲ ಕೆಳಗಿಟ್ಟು ಚಾಪೆಯ ಮೇಲೇ ಕೂತರು. ಶಾಲೆಯಲ್ಲಿ ತಮ್ಮೂರ ಇಂಗ್ಲಿಷ್ ಆಡಿದ್ದಕ್ಕೆ ಮಾಸ್ತರರು ಹೊಡೆಯುತ್ತಿದ್ದರೆಂದೂ, ಈಗ ತಾವು ಅದೇ ಇಂಗ್ಲಿಷಿನಲ್ಲಿ ನಾಲ್ಕು ದೇಶಗಳಲ್ಲಿ ವ್ಯಾಪಾರ ಮಾಡುತ್ತಿರುವುದಾಗಿಯೂ ಹೇಳಿದರು. ಸಾವಿತ್ರಿ ನನ್ನ ಕಡೆ ನೋಡುತ್ತ ಮೆಲ್ಲಗೆ ಅಂಗೈ ಸವರಿಕೊಂಡಳು. ನಾನು ಲವಂಗ ನುಂಗಿದೆ.

ಇನ್ನೂರರ ಆರ್ಡರ್ ಮುನ್ನೂರಾಯಿತು! ಖುಷಿಗೆ ನನಗೂ ಒಂದು ಜೋಡಿ ಸಿಕ್ಕಿತು.

"ಗುರುದಕ್ಷಿಣಿ ತಗೋರಿ ಸರ್ರ."

ಅದನ್ನೇ ಮೆಟ್ಟಿಕೊಂಡು ಠೀವಿಯಿಂದ ಹೊರಟೆ. ಮನೆ ಮುಟ್ಟುವಷ್ಟರಲ್ಲಿ ಹೆಬ್ಬೆರಳ ಸಂದಿ ಉರಿಯತೊಡಗಿತ್ತು.

"ಮತ್ತೇನಾತ್ರಿ?" ಎಂದಳು ಪದ್ಮಾ.

ಲಂಡನ್ ಶೈಲಿಯಲ್ಲೇ ವಿವರಿಸಿದೆ. ಅವಳು ಮತ್ತೆ ಲವಂಗದ ಡಬ್ಬಿಗೆ ಕೈ ಹಾಕಿದಳು!

ಮಾನ ಹೋದರೆ ಹೋಗಲಿ ಎಂದು ಬಾಯ್ತುಂಬ ಕೂಗಿದೆ: "ಫಸ್ಟ್ ಡೇ ಬೈಟಿಂಗ್!"

ಕೊಬ್ಬರಿ ಎಣ್ಣೆ ತಕ್ಷಣ ಬಂತು.