ಕಲ್ಲಿಗೂ ಎಣ್ಣೆನೀರು

ಏಡಿ ಬದುಕಿದೆ! ಮೂರು ದಿನವಾಯಿತು, ಇನ್ನೂ ಬದುಕಿದೆ, ಕಲ್ಲು ಹತ್ತಿ ಇಳಿದು ಓಡಾಡುತ್ತಿದೆ! ಇದನ್ನು ಮೊದಲು ಹೇಳಿಬಿಡುತ್ತೇನೆ, ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ. ಕೆರೆ ಏಡಿಯಲ್ಲ ಸ್ವಾಮಿ, ಸಮುದ್ರದ್ದು. ಗೌರಿಬಿದನೂರಿನಲ್ಲಿ, ನಮ್ಮ ಮನೆ ಪಡಸಾಲೆಯಲ್ಲಿ! ನಾನು ಓದಿದ್ದು ಮೂರನೇ ಕ್ಲಾಸು. ಬರೆದದ್ದರಲ್ಲಿ ತಪ್ಪಿದ್ದರೆ ಸಂತೋಷದ ಅವಸರ ಅಂದುಕೊಳ್ಳಿ.

ಇದಕ್ಕೆಲ್ಲ ಕಾರಣ ನನ್ನ ತಮ್ಮ. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ, ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಇದ್ದಾನೆ. ಅವನಿಗೆ ಹುಚ್ಚು ಅಂತ ನಾನು ಯಾವತ್ತೂ ಅಂದಿಲ್ಲ. ಊರವರು ಅನ್ನುತ್ತಾರೆ, ನಾನು ತಲೆಯಾಡಿಸುತ್ತೇನೆ, ಅಷ್ಟೇ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಅಳಿಯನಿಗೆ ಕುಂದಾಪುರದಿಂದ ಇಲ್ಲಿಗೆ ವರ್ಗವಾಯಿತು. ಬೇರೆ ಮನೆ ಸಿಗುವ ತನಕ ಮಗಳು, ಅಳಿಯ, ಐದು ವರ್ಷದ ಮೊಮ್ಮಗಳು ನಮ್ಮಲ್ಲೇ ಉಳಿದರು. ನನಗೆ ಇನ್ನೇನು ಬೇಕು? ಆದರೆ ಕೂಸು ಸಮುದ್ರದ ದಡದಲ್ಲೇ ಹುಟ್ಟಿ ಬೆಳೆದದ್ದು. ಊಟಕ್ಕೆ ಕೂರಿಸಿದರೆ ಎರಡು ತುತ್ತು ತಿಂದು ಎದ್ದುಹೋಗಿ ಬೀದಿ ಬಾಗಿಲಲ್ಲಿ ನಿಲ್ಲುತ್ತಿತ್ತು. "ಅಜ್ಜಿ, ಇಲ್ಲಿ ಕಡಲು ಯಾಕೆ ಕೇಳಿಸೋದಿಲ್ಲ?" ನಮ್ಮೂರಲ್ಲಿ ಕೇಳಿಸುವುದು ಗೂಡ್ಸ್ ಗಾಡಿ ಒಂದೇ! ಬರಬರುತ್ತಾ ಕೂಸಿನ ಕೈ ಸೊರಗಿ ಬಳೆ ಮೊಣಕೈ ತನಕ ಜಾರುತ್ತಿತ್ತು. ಅದನ್ನು ನೋಡಿ ನನಗೂ ಅನ್ನ ಇಳಿಯುತ್ತಿರಲಿಲ್ಲ.

ಕೂಸು ಬರುವಾಗ ಗೊಂಬೆ ತಂದಿರಲಿಲ್ಲ, ಒಂದು ದಿಂಬಿನ ಚೀಲದ ತುಂಬ ಸಮುದ್ರದ ಕಲ್ಲು ತಂದಿತ್ತು. ಮೈಯೆಲ್ಲ ತೂತು, ತೂತಿನಲ್ಲೆಲ್ಲ ಚಿಪ್ಪು, ಚಿಪ್ಪಿನೊಳಗೆ ಸತ್ತ ಹುಳ. ಆ ವಾಸನೆಗೆ ನಮ್ಮ ಎಮ್ಮೆಯೇ ಮುಖ ತಿರುಗಿಸಿತು! ತಿಪ್ಪೆಗೆ ಎಸೆಯೋಣ ಅಂತ ಹೊರಟೆ. ನನ್ನ ತಮ್ಮ ಅಡ್ಡ ನಿಂತ.

"ಅಕ್ಕಾ, ಎಸೀಬೇಡ ಕಣೆ. ಕಲ್ಲು ಚೊಕ್ಕ ಮಾಡಿ ಗಾಜಿನ ಪೆಟ್ಟಿಗೇಲಿ ಇಡ್ತೀನಿ. ಸಮುದ್ರದ ನೀರು ತರಿಸಿ ಮಗೂಗೆ ಇಲ್ಲೇ ಕಡಲು ಮಾಡಿಕೊಡ್ತೀನಿ."

ನಮ್ಮ ಯಜಮಾನರು ಪೇಪರ್ ಪಕ್ಕಕ್ಕಿಟ್ಟು, "ಹಂಗೇ ಹಿಂದುಗಡೆ ಒಂದು ಬಂದರು ಕಟ್ಟಿಬಿಡಪ್ಪ, ಹಡಗು ಬರ್ಲಿ" ಅಂದರು.

ಶುರುವಾಯಿತು ನೋಡಿ! ಬೆಳಿಗ್ಗೆ ಎದ್ದರೆ ಮೊದಲ ಸ್ನಾನ ಕಲ್ಲಿಗೆ, ಆಮೇಲೆ ಮನುಷ್ಯರಿಗೆ. ತೆಂಗಿನ ನಾರಿನಲ್ಲಿ ಉಜ್ಜುವುದು, ಪೊರಕೆ ಕಡ್ಡಿಯಿಂದ ತೂತು ತೂತನ್ನೂ ಕೆದಕುವುದು, ಬಾವಿ ನೀರಿನಲ್ಲಿ ನೆನೆಹಾಕುವುದು, ದಿನಾ ನೀರು ಬದಲಾಯಿಸುವುದು. ಸೋಪು ಮುಟ್ಟಿಸುವಂತಿಲ್ಲ, ಬೂದಿ ತಾಕಿಸುವಂತಿಲ್ಲ. ಒಂದೊಂದು ಕಲ್ಲನ್ನೂ ಮನೆಯವರೆಲ್ಲ ಮೂಸಿ ನೋಡಬೇಕು!

"ಅಕ್ಕಾ, ಇದು ವಾಸನೆ ಬರ್ತದಾ?"

"ಇಲ್ಲ ಕಣೋ. ನೀನು ಬರ್ತಿದೀಯ. ಹೋಗಿ ಸ್ನಾನ ಮಾಡು."

ಆದರೆ ಒಂದು ಮಾತು ಹೇಳಲೇಬೇಕು. ಕೂಸು ಬೀದಿ ಬಾಗಿಲು ಬಿಟ್ಟು ಬಾವಿಕಟ್ಟೆಗೆ ಬಂದು ಅವನ ಪಕ್ಕ ಕೂರತೊಡಗಿತು. ಊಟ ಮಾತ್ರ ಅಷ್ಟಕ್ಕಷ್ಟೇ.

ಎರಡು ತಿಂಗಳಿಗೆ ಕಲ್ಲು ಹಲ್ಲು ತಿಕ್ಕಿದ ಹಾಗೆ ಬೆಳ್ಳಗಾಯಿತು. ಅಷ್ಟರಲ್ಲಿ ಯುಗಾದಿ. ಹಬ್ಬದ ದಿನ ನಮ್ಮ ಮನೆಯಲ್ಲಿ ಎಣ್ಣೆನೀರು ತಪ್ಪಿಸಿಕೊಂಡವರಿಲ್ಲ. ಯಜಮಾನರಿಂದ ಹಿಡಿದು ಎಲ್ಲರ ತಲೆಗೂ ನಾನೇ ಹರಳೆಣ್ಣೆ ತಟ್ಟುವುದು. ಕೂಸನ್ನು ಹಿಡಿದು ತಟ್ಟಿದೆ, ಕಿರುಚಾಡಿ ಓಡಿಹೋಯಿತು. ಸ್ವಲ್ಪ ಹೊತ್ತಿಗೆ ಸದ್ದೇ ಇಲ್ಲ! ಹೋಗಿ ನೋಡಿದರೆ ಬಾವಿಕಟ್ಟೆಯ ಮೇಲೆ ಕಲ್ಲುಗಳೆಲ್ಲ ಸಾಲಾಗಿ ಕೂತಿವೆ, ಒಂದೊಂದರ ನೆತ್ತಿಯಿಂದಲೂ ಹರಳೆಣ್ಣೆ ಸುರಿಯುತ್ತಿದೆ.

"ಇವಕ್ಕೂ ಹಬ್ಬ ಅಲ್ವಾ ಅಜ್ಜಿ?"

ನನ್ನ ತಮ್ಮ ಬಂದ, ನೋಡಿದ, ತಲೆಯ ಮೇಲೆ ಕೈ ಹೊತ್ತು ಕುಸಿದ. ಒಂದು ತೊಟ್ಟು ಎಣ್ಣೆ ಉಳಿದರೂ ಆ ನೀರಿನಲ್ಲಿ ಜೀವ ಉಳಿಯುವುದಿಲ್ಲವಂತೆ. ಬೈಯುತ್ತಾನೆ ಅಂತ ನಾನು ಕೂಸನ್ನು ಸೆರಗಿನೊಳಗೆ ಎಳೆದುಕೊಂಡೆ. ಅದು ಸೆರಗಿನೊಳಗಿಂದಲೇ ಕೇಳಿತು: "ಸಣ್ಣಜ್ಜ, ಸೀಗೆಪುಡಿ ಹಾಕ್ಲಾ?"

ಅವನು ಕೂಸನ್ನು ನೋಡಿದ, ಕಲ್ಲನ್ನು ನೋಡಿದ.

"ಹಾಕಮ್ಮ. ಕಣ್ಣಿಗೆ ಹೋಗದಂಗೆ ಹಾಕು."

ಆಮೇಲೆ ಒಂದೂವರೆ ತಿಂಗಳು ಮತ್ತೆ ಮೊದಲಿನಿಂದ! ಕುದಿಸಿದ, ಬಿಸಿಲಿಗಿಟ್ಟ, ತಿರುಗಿ ಕುದಿಸಿದ. ನನ್ನ ಹಂಡೆಯಲ್ಲೇ! ಬೋಗುಣಿ ನೀರಿನಲ್ಲಿ ಕಲ್ಲು ಮುಳುಗಿಸಿ, ಮೇಲೆ ಎಣ್ಣೆಯ ಬಣ್ಣ ತೇಲುತ್ತದಾ ಅಂತ ಸಣ್ಣಜ್ಜ ಮೊಮ್ಮಗಳು ತಲೆಗೆ ತಲೆ ಕೊಟ್ಟು ನೋಡುತ್ತಿದ್ದರು. ಬಣ್ಣ ಪೂರ್ತಿ ಹೋದ ದಿನ ನನ್ನ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ತೊಳೆದು ರೈಲಿನ ಗಾರ್ಡ್ ಸ್ನೇಹಿತನ ಕೈಲಿ ಮದ್ರಾಸಿಗೆ ಕಳಿಸಿದ. ಈ ವರ್ಷ ಮಾವಿನಕಾಯಿ ಹಾಕಲು ನನಗೆ ಜಾಡಿಯೇ ಇಲ್ಲ, ಕೇಳುವವರು ಯಾರು? ಜಾಡಿ ತುಂಬ ಸಮುದ್ರದ ನೀರು ಬಂತು. ಒಂದರ ತಳದಲ್ಲಿ ಶಂಖ ಹೊತ್ತ ಉಗುರಿನಷ್ಟು ಏಡಿ!

"ಇದು ಯಾರ ಸಾರಿಗೆ ಸಾಕಾಗ್ತದೆ?" ಅಂದರು ಯಜಮಾನರು. ಕೂಸು ನೋಡಿದ ನೋಟಕ್ಕೆ ಪೇಪರ್ ಮುಖಕ್ಕೆ ಅಡ್ಡ ಹಿಡಿದರು.

ಬದುಕುತ್ತದೋ ಇಲ್ಲವೋ ಅಂತ ಮೂರು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಇವತ್ತು ಮಧ್ಯಾಹ್ನ ಅದು ಕಲ್ಲಿನ ತುದಿಗೆ ಹತ್ತಿ ಮೀಸೆ ಆಡಿಸಿತು. ಕೂಸು ಬಿದ್ದು ಬಿದ್ದು ನಕ್ಕಿತು. ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ!

ಸಂಜೆ ತಟ್ಟೆಗಳನ್ನೆಲ್ಲ ಪಡಸಾಲೆಗೇ ತಂದೆ. ಗಾಜಿನ ಪೆಟ್ಟಿಗೆಯ ಸುತ್ತ ಎಲ್ಲರೂ ಕೂತರು. ಮುದ್ದೆ, ಬಸ್ಸಾರು. ನನ್ನ ತಮ್ಮ ಮಾತ್ರ ತಟ್ಟೆಯಲ್ಲಿ ಕೈಯಿಟ್ಟುಕೊಂಡು ನೀರನ್ನೇ ನೋಡುತ್ತಿದ್ದ.

"ಉಣ್ಣೋ. ನಿಂಗೇನು ಬಂತು ಇಂಥ ಹುಚ್ಚು?"

ಅವನು ತಲೆ ಎತ್ತಲಿಲ್ಲ. "ಅಪ್ಪ ಹೋದಾಗ ಬಾ ಅಂತ ಕಾಗದ ಬರೆಸಿದ್ದೆ ನೀನು, ಜ್ಞಾಪಕ ಇದೆಯಾ? ನಾನಾಗ ಮಂಗಳೂರು ಬಂದರಿನಲ್ಲಿ ಕೆಲಸದಲ್ಲಿದ್ದೆ. ಅವತ್ತೇ ಹೊರಟುಬಿಟ್ಟೆ. ಕಡಲ ಹತ್ರ ಹೋಗಿ ಒಂದು ಸಲ ನಿಂತು ಬರಬೇಕಿತ್ತು ಅಕ್ಕಾ."

ಮೂವತ್ತು ವರ್ಷ! ಒಂದೇ ಸೂರಿನಡಿ ಇದ್ದೀವಿ. ತಿರುಗಿ ಹೋಗ್ತೀಯೇನೋ ಅಂತ ನಾನು ಒಂದು ದಿನ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು ತುಪ್ಪ ಬಿಟ್ಟೆ. ಅವನು ಮುರಿದು ಬಾಯಿಗಿಟ್ಟ. ಯಜಮಾನರು ಸಾರಿನ ಪಾತ್ರೆಯನ್ನು ಅವನ ಹತ್ತಿರಕ್ಕೆ ಸರಿಸಿದರು. ಮೊಮ್ಮಗಳು ಅವನ ತೊಡೆಗೆ ಆನಿಕೊಂಡು, ಎರಡನೇ ಸಲ ಸಾರು ಕೇಳಿದಳು.