ದ್ವೀಪದಲ್ಲೊಂದು ತಿಥಿ

ತಪ್ಪು ಯಾರದೂ ಅಲ್ಲ, ಕ್ಯಾಲೆಂಡರಿನದು. ಇಂಗ್ಲಿಷ್ ತಾರೀಕು ವರ್ಷಕ್ಕೊಮ್ಮೆ ಹೇಳಿದ ಹೊತ್ತಿಗೆ ಬರುತ್ತದೆ. ನಮ್ಮ ತಿಥಿ ಹಾಗಲ್ಲ, ನೆಂಟರಂತೆ ತನಗೆ ಬೇಕಾದಾಗ ಬರುತ್ತದೆ. ಹೀಗಾಗಿ ಎಂಟು ತಿಂಗಳ ಹಿಂದೆ, ಪಕ್ಕದ ಮನೆಯ ಜಯಂತ ಮತ್ತು ಅವನ ಹೆಂಡತಿ ಶರ್ವಾಣಿಯ ಒತ್ತಾಯಕ್ಕೆ ಸಿಕ್ಕಿ ಬದರಿನಾಥ ಒಂದು ದ್ವೀಪದ ರಜೆಗೆ ಹೆಸರು ಬರೆಸಿದಾಗ, ರಜೆಯ ಶನಿವಾರವೇ ಶ್ರಾವಣ ಬಹುಳ ದಶಮಿ ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊರಡಲು ನಾಲ್ಕು ದಿನ ಇದೆ ಎನ್ನುವಾಗ ಬದರಿನಾಥನ ಹೆಂಡತಿ ಅಲಮೇಲು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ದೇವಸ್ಥಾನದ ಕ್ಯಾಲೆಂಡರಿನ ಹಾಳೆ ತಿರುವಿದಳು.

"ರೀ, ಶನಿವಾರ ಮಾವನೋರ ತಿಥಿ ಕಣ್ರೀ!"

ರಜೆ ರದ್ದು ಮಾಡೋಣವೆಂದರೆ ದ್ವೀಪದವರು ಒಪ್ಪಲಿಲ್ಲ. ವಿಷಯ ಗೊತ್ತಾದ ಜಯಂತ, ಕರೆಯದೇ ಇದ್ದರೂ, ಬೇಲಿ ದಾಟಿ ಬಂದ. ವಾಷಿಂಗ್ಟನ್ ರಾಜ್ಯದ ಕೆನ್ಮೋರಿನ ಆ ಬೀದಿಯಲ್ಲಿ ಯಾರ ಮನೆಯಲ್ಲಿ ಪೈಪು ಸೋರಿದರೂ ಮೊದಲು ಒದ್ದೆಯಾಗುತ್ತಿದ್ದವನು ಅವನೇ. ಬದರಿನಾಥನಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿ.

"ಅಲ್ಲೇ ಮಾಡಿ ಗುರುಗಳೇ. ಸಮುದ್ರ ತೀರ ಇನ್ನೂ ಶ್ರೇಷ್ಠ ಅಂತಾರೆ. ಕಾಗೆಗೇನು ಬರಾನಾ ಅಲ್ಲಿ?" ಎಂದ ಜಯಂತ.

ಪುರೋಹಿತರು ಫೋನಿನಲ್ಲೇ ದಾರಿ ತೋರಿಸಿದರು. "ಅನಿವಾರ್ಯ ಅಂದ್ರೆ ಅಡ್ಡಿಯಿಲ್ಲ ಸ್ವಾಮಿ. ತರ್ಪಣ ಬಿಡಿ, ಕಾಗೆಗೆ ಒಂದು ಪಿಂಡ ಇಡಿ. ಅದು ಮುಟ್ಟೋ ತನಕ ಬಾಯಿಗೆ ಏನೂ ಹಾಕ್ಬೇಡಿ."

"ಮುಟ್ಟದೇ ಇದ್ರೆ?"

"ಮುಟ್ಟದೇ ಇದ್ರೆ ಹೋದವರಿಗೆ ಏನೋ ಅತೃಪ್ತಿ ಉಳಿದಿದೆ ಅಂತ ಅರ್ಥ. ಏನು ಅಂತ ನಿಮಗೇ ಗೊತ್ತಿರತ್ತೆ. ಬಾಯಿಬಿಟ್ಟು ಹೇಳಿ, ಮಾತು ಕೊಡಬೇಕು."

ಬದರಿನಾಥ ಫೋನು ಕೆಳಗಿಟ್ಟ. ಏನು ಅಂತ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಎರಡು ವರ್ಷದ ಹಿಂದೆ ಅವನ ಅಪ್ಪ ಮೈಸೂರಿನಿಂದ ಬಂದು ಆರು ತಿಂಗಳು ಈ ಮನೆಯಲ್ಲಿದ್ದರು. ಬಿಪಿ, ಸಕ್ಕರೆ ಎರಡೂ ಇದ್ದ ಶರೀರ. ಬದರಿನಾಥ ಅಪ್ಪನನ್ನು ಆಫೀಸಿನ ಪ್ರಾಜೆಕ್ಟಿನಂತೆ ನಡೆಸಿದ. ಉಪ್ಪನ್ನು ತೂಗಿ ಹಾಕಿಸಿದ, ಆಲೂಗಡ್ಡೆಯನ್ನು ಮನೆಯೊಳಗೆ ಬಿಡಲಿಲ್ಲ, ಕರಿದದ್ದರ ಹೆಸರೆತ್ತಿದರೆ ಕೆಂಡವಾದ. ಒಂದು ಸಂಜೆ ಅಪ್ಪ ಮಗುವಿನಂತೆ ಕೇಳಿದ್ದರು: "ಒಂದೇ ಒಂದು ಬೋಂಡಾ ಮಾಡ್ಸೋ ಬದರಿ. ಬಾಯಿ ಸತ್ತುಹೋಗಿದೆ." ಬದರಿನಾಥ ಬೋಂಡಾ ಬದಲು ರಕ್ತಪರೀಕ್ಷೆಯ ವರದಿ ತಂದು ತೋರಿಸಿದ. ಅಪ್ಪ ಊರಿಗೆ ಮರಳಿದ ತಿಂಗಳಲ್ಲೇ ತೀರಿಕೊಂಡರು. ಹೋದ ವರ್ಷದ ತಿಥಿಯನ್ನು ಮೈಸೂರಿನಲ್ಲಿ ಅಣ್ಣ ಶಶಿಕಾಂತನೇ ಮಾಡಿದ್ದ. ಅಲ್ಲಿ ಎಲೆ ಇಡುವ ಮೊದಲೇ ಕಾಗೆ ಬಂದಿತ್ತು. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಈ ವರ್ಷದಿಂದ ಅವರವರದು ಅವರವರಿಗೆ. ಬದರಿನಾಥ ಸ್ವಂತ ಕೈಯಿಂದ ಇಡುವ ಮೊದಲ ಪಿಂಡ ಇದು. ಕಾಗೆ ಮುಟ್ಟಿದರೆ ಅಪ್ಪ ಕ್ಷಮಿಸಿದ್ದಾರೆ, ಮುಟ್ಟದಿದ್ದರೆ ಇಲ್ಲ. ಹಾಗಂತ ಅವನು ನಾಲ್ಕು ರಾತ್ರಿ ನಿದ್ದೆಗೆಟ್ಟ.

ಶುಕ್ರವಾರ ಸಂಜೆ ದೋಣಿ ಎರಡೂ ಜೋಡಿಗಳನ್ನು ದ್ವೀಪಕ್ಕೆ ಇಳಿಸಿತು. ಪರಿಸರಕ್ಕೆ ಒಂದಿಷ್ಟೂ ನೋವಾಗದಂತೆ ದೊಡ್ಡವರು ಸುಖಪಡಲೆಂದು ಕಟ್ಟಿದ ಜಾಗ ಅದು. ಡೇರೆಯೊಳಗೆ ಹಿತ್ತಾಳೆಯ ಸ್ನಾನದ ತೊಟ್ಟಿ, ಹೊರಗೆ ದೇವದಾರು ಕಾಡು, ನೀರಿಲ್ಲದ ಪಾಯಿಖಾನೆ, ಅದರ ಕಿಟಕಿಯಿಂದ ತಿಮಿಂಗಿಲ ಕಾಣುವ ಸಮುದ್ರ. ಊಟಕ್ಕೆ ತುರುಚೆ ಸೊಪ್ಪಿನ ಸಾರು. ನಮ್ಮ ಕಡೆ ಬರಗಾಲದಲ್ಲಿ ತಿನ್ನುತ್ತಿದ್ದುದನ್ನು ಇಲ್ಲಿ ಬಿಳಿ ತಟ್ಟೆಯ ನಟ್ಟನಡುವೆ ಒಂದು ಚಮಚ ಇಟ್ಟು ಕೊಟ್ಟರು. ವನ್ಯಜೀವಿಗಳ ಉಸ್ತುವಾರಿಯ ಇಂಗ್ರಿಡ್ ಎಂಬ ಎತ್ತರದ ಹೆಂಗಸು ಎಲ್ಲರಿಂದಲೂ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ಯಾವುದೇ ಕಾಡುಪ್ರಾಣಿಗೆ, ಯಾವುದೇ ಹಕ್ಕಿಗೆ ತಿನ್ನಲು ಕೊಟ್ಟವರು ಮುಂದಿನ ದೋಣಿಯಲ್ಲಿ ವಾಪಸ್ ಎಂದು ಅದರಲ್ಲಿ ಬರೆದಿತ್ತು. ಬದರಿನಾಥ ಓದಿಯೇ ಸಹಿ ಹಾಕಿದ. ಹಾಕಿದ ಸಹಿ ಅವನದೇ ಎಂದು ಹೇಳುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಅಲಮೇಲು ಸೂಟ್‌ಕೇಸಿನಿಂದ ರೈಸ್ ಕುಕ್ಕರ್ ತೆಗೆದು ಡೇರೆಯ ಪ್ಲಗ್ಗಿಗೆ ಚುಚ್ಚಿದಳು. ದ್ವೀಪದ ವಿದ್ಯುತ್ತೆಲ್ಲ ಸೂರ್ಯನದು, ಸೂರ್ಯನೋ ಮೂರು ದಿನದಿಂದ ಮೋಡದೊಳಗೆ. ಅಕ್ಕಿ ಅರ್ಧ ಬೇಯುವುದಕ್ಕೂ ಹನ್ನೆರಡು ಡೇರೆಗಳ ದೀಪ ಹೋಗುವುದಕ್ಕೂ ಸರಿಹೋಯಿತು. ಯಾವುದೋ ಡೇರೆಯಲ್ಲಿ ತಣ್ಣೀರು ಮೈಮೇಲೆ ಬಿದ್ದವರು ಕಿರುಚಿದ್ದು ಕೇಳಿಸಿತು. ಅಲಮೇಲು ಮಾತ್ರ ಲಕ್ಷ್ಯ ಕೊಡದೆ, ಅರೆಬೆಂದ ಅನ್ನಕ್ಕೆ ಎಳ್ಳು ಕಲಸಿದಳು. ಗಂಡನ ಅದೃಷ್ಟ ಬಲ್ಲವಳಾದ್ದರಿಂದ ಒಂದರ ಬದಲು ಮೂರು ಉಂಡೆ ಕಟ್ಟಿದಳು.

ಪಂಚೆಯುಟ್ಟು, ಬರಿಮೈಯಲ್ಲಿ ಗಡಗಡ ನಡುಗುತ್ತ ಬದರಿನಾಥ ದಡದ ಬಂಡೆಯ ಮೇಲೆ ಕೂತು ತರ್ಪಣ ಬಿಟ್ಟ. ವಾಕಿಂಗಿಗೆ ಬಂದಿದ್ದ ಬಿಳಿಯ ಮುದುಕ ಮುದುಕಿ ಇಬ್ಬರು ಇದೂ ರಜೆಯ ಭಾಗವೆಂದುಕೊಂಡು ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದರು. ಎಬ್ಬಿಸುವುದು ಹೇಗೆಂದು ತಿಳಿಯದೆ ಅವನು ತರ್ಪಣ ಮುಂದುವರಿಸಿದ.

ಎದುರಿನ ಮರದಲ್ಲಿ ಹದಿನೈದು ಕಾಗೆಗಳಿದ್ದವು. ಬದರಿನಾಥ ಮೊದಲ ಪಿಂಡವನ್ನು ಬಂಡೆಯ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದ. ಕಾಗೆಗಳು ಕತ್ತು ಓರೆ ಮಾಡಿ ನೋಡಿದವು. ಒಂದೂ ಇಳಿಯಲಿಲ್ಲ.

ಅರ್ಧ ಗಂಟೆಯಾಯಿತು. ಹೊಟ್ಟೆ ಚುರುಗುಟ್ಟತೊಡಗಿತು. ಅಷ್ಟರಲ್ಲಿ ಸೇಬು ಕಚ್ಚುತ್ತ ಜಯಂತ ಬಂದ.

"ಹೀಗೆ ಸುಮ್ನೆ ನಿಂತ್ರೆ ಬರತ್ತಾ ಗುರುಗಳೇ? ಕರೀಬೇಕು. ಕಾ! ಕಾ! ಕಾ!"

ಅವನ ಕೂಗಿಗೆ ಕಾಗೆ ಬರಲಿಲ್ಲ, ರಕೂನ್ ಬಂತು. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಕಳ್ಳನಂಥ ಆ ಪ್ರಾಣಿ ಪೊದೆಯಿಂದ ಹೊರಬಂದು ಪಿಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿತು. ನೀರಿಗಿಳಿದು, ಎಳ್ಳು ಹೋಗುವಂತೆ ತೊಳೆದು, ಕೂತು ತಿಂದಿತು.

"ಮಡಿವಂತ ಪ್ರಾಣಿ," ಎಂದ ಜಯಂತ. "ಇದು ನಡೆಯಲ್ವಾ?"

"ರಕೂನ್ ಯಾವ ಶಾಸ್ತ್ರದಲ್ಲಿದೆಯೋ? ಹೋಗೋ ಮಾರಾಯ ಅತ್ಲಾಗೆ!" ಬದರಿನಾಥ ಕೂಗಿದ. ಜಯಂತ ಹೋಗಲಿಲ್ಲ. ಹೋಗುವವನಾಗಿದ್ದರೆ ಅವನು ಜಯಂತ ಏಕಾಗುತ್ತಿದ್ದ!

ಎರಡನೇ ಪಿಂಡ ಇಟ್ಟಿದ್ದಾಯಿತು. ಹತ್ತು ಗಂಟೆ, ಹನ್ನೊಂದು ಗಂಟೆ. ಒಂದು ಕಾಗೆ ಕೆಳಗಿಳಿದು, ಪಿಂಡದ ಬಳಿ ಬಂದು, ಅದನ್ನೂ ಬದರಿನಾಥನನ್ನೂ ಒಂದು ಸಲ ನೋಡಿ ಹಾರಿಹೋಯಿತು. ಆ ನೋಟ ಅವನಿಗೆ ಗುರುತಿನದಾಗಿತ್ತು. ರಕ್ತಪರೀಕ್ಷೆಯ ವರದಿ ತೋರಿಸಿದಾಗ ಅಪ್ಪ ಹೀಗೇ ನೋಡಿ ಕೋಣೆಗೆ ಹೋಗಿದ್ದರು.

ಅಲ್ಲಿಗೆ ಅವನ ಬಿಗಿಯೆಲ್ಲ ಕಳಚಿತು. ಬಂಡೆಯ ಮೇಲೆ ಮಂಡಿಯೂರಿ ಮರದ ಕಡೆ ಕೈಮುಗಿದ.

"ಅಪ್ಪಾ, ತಪ್ಪಾಯ್ತು. ಒಂದು ಬೋಂಡಾ ಕೇಳಿದ್ರಿ, ಕೊಡ್ಲಿಲ್ಲ. ನಿಮ್ಮ ಒಳ್ಳೇದಕ್ಕೇ ಅಂದ್ಕೊಂಡೆ. ನಿಮ್ಮನ್ನ ಉಳಿಸ್ಕೋಬೇಕು ಅಂತ ಆಸೆ ಇತ್ತಪ್ಪ. ನೀವು ನನ್ನ ಮನೆಯಿಂದ ಹಸ್ಕೊಂಡು ಹೋದ್ರಿ. ಪ್ರತಿ ವರ್ಷ ನೂರು ಜನಕ್ಕೆ ಬೋಂಡಾ ಹಾಕ್ಸ್ತೀನಿ. ಬನ್ನಿ ಅಪ್ಪಾ."

ಅವನು ಬಿಕ್ಕಿಬಿಕ್ಕಿ ಅತ್ತ. ಅಲಮೇಲು ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾಷೆ ತಿಳಿಯದಿದ್ದರೂ ಪಕ್ಕದ ಮುದುಕ ಮುದುಕಿ ಕೂಡ ಅತ್ತರು. ಯಾಕೋ ಜಯಂತ ಮಾತ್ರ ಸೇಬು ತಿನ್ನುವುದನ್ನು ನಿಲ್ಲಿಸಿ ಸಮುದ್ರದ ಕಡೆ ತಿರುಗಿಕೊಂಡ. ಕಾಗೆಗಳು ಬರಲಿಲ್ಲ. ಬಂದವಳು ಇಂಗ್ರಿಡ್.

ಅವಳು ಜಗಳವಾಡಲಿಲ್ಲ. ಎರಡನೇ ಪಿಂಡವನ್ನು ಚಿಮಟದಲ್ಲಿ ಎತ್ತಿ, ಚೀಲಕ್ಕೆ ಹಾಕಿ, ಮೇಲೆ ಸಮಯ ಬರೆದಳು. ನಾಲ್ವರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದರಿಂದ ನಾಲ್ವರೂ ಎರಡು ಗಂಟೆಯ ದೋಣಿಗೆ ಸಿದ್ಧರಾಗಬೇಕಾಯಿತು.

"ಎಂಟು ತಿಂಗಳಿಂದ ಕಾದಿದ್ದೆ," ಎಂದು ಶರ್ವಾಣಿ ದೋಣಿಯಲ್ಲಿ ಕೂತು ಅಳುಮುಖ ಮಾಡಿದಳು. "ಒಂದು ತಿಮಿಂಗಿಲಾನೂ ನೋಡ್ಲಿಲ್ಲ. ತಿಥಿ ನೋಡಿದ್ದಾಯ್ತು."

ಬದರಿನಾಥ ಹಿಂದಿನ ರಾತ್ರಿಯ ಒಂದು ಚಮಚ ತುರುಚೆ ಸಾರಿನ ಮೇಲೆ ಜೀವ ಹಿಡಿದಿದ್ದ. ದಡ ಮುಟ್ಟಿಸಲು ಜೊತೆಗೆ ಬಂದಿದ್ದ ಇಂಗ್ರಿಡ್‌ಗೆ ಅವನ ಮುಖ ನೋಡಿ ಕರುಣೆ ಬಂತೋ ಏನೋ, ಯಾಕೆ ಹೀಗೆ ಮಾಡಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವನು ಅಪ್ಪ, ಕಾಗೆ, ಅನ್ನ ಎಲ್ಲ ವಿವರಿಸಿದ. ಅವಳು ಗಂಭೀರವಾಗಿ ಕೇಳಿ, ತಲೆಯಾಡಿಸಿದಳು.

"ನಮ್ಮ ದ್ವೀಪದ ಕಾಗೆಗಳು ಮನುಷ್ಯರು ಇಟ್ಟಿದ್ದನ್ನು ಮುಟ್ಟುವುದಿಲ್ಲ. ಮೂರು ವರ್ಷದಿಂದ ಕಹಿ ಮದ್ದು ಬೆರೆಸಿದ ಅನ್ನದ ಉಂಡೆ ಇಟ್ಟು ಇಟ್ಟು ಅವಕ್ಕೆ ಹಾಗೆ ಪಾಠ ಕಲಿಸಿದ್ದೇವೆ. ನಿಮ್ಮ ತಂದೆಗೂ ಅದಕ್ಕೂ ಸಂಬಂಧವಿಲ್ಲ."

ಬದರಿನಾಥನ ಕಣ್ಣು ಅರಳಿತು. ಅಪ್ಪನಿಗೆ ಕೋಪವಿಲ್ಲ! ಕಾಗೆಗಳಿಗೆ ತರಬೇತಿಯಾಗಿದೆ, ಅಷ್ಟೇ! ಎದೆಯ ಮೇಲಿಂದ ಬಂಡೆ ಎತ್ತಿದ ಹಾಗಾಯಿತು. ನೂರು ಜನಕ್ಕೆ ಬೋಂಡಾ ಹಾಕಿಸುವ ಮಾತನ್ನು ಅವನು ಮನಸ್ಸಿನಲ್ಲೇ ಐವತ್ತಕ್ಕೆ ಇಳಿಸಿದ.

"ಇನ್ನೊಂದುಂಡೆ ನನ್ನ ಡಬ್ಬೀಲಿದೆ ಕಣ್ರೀ," ಎಂದು ಅಲಮೇಲು ಕಿವಿಯಲ್ಲಿ ಹೇಳಿದಳು. "ದಡದಲ್ಲಿ ಇಡೋಣ. ಅಲ್ಲಿನ ಕಾಗೆಗಳು ಕೈಯಿಂದ್ಲೇ ಕಿತ್ಕೊಂಡು ಹೋಗ್ತವೆ."

ಅದು ನಿಜ. ಅನಾಕೋರ್ಟಿಸ್ ದಡದ ಕಾಗೆಗಳಷ್ಟು ನಾಚಿಕೆಗೆಟ್ಟವು ವಾಷಿಂಗ್ಟನ್ ರಾಜ್ಯದಲ್ಲೇ ಇರಲಾರವು. ಫೆರಿ ದೋಣಿಗೆ ಕಾಯುವ ಕಾರುಗಳ ಮೇಲೆ ಕೂತು, ಕಿಟಕಿಯೊಳಗೆ ಕತ್ತು ಹಾಕಿ, ಮಕ್ಕಳ ಕೈಯ ಬಿಸ್ಕತ್ತು ಎತ್ತುವ ಜಾತಿ. ಬದರಿನಾಥ ಕಾರು ನಿಲ್ಲಿಸಿದ್ದ ಬಯಲಿನ ಕಟ್ಟೆಯ ಮೇಲೆ ಕರವಸ್ತ್ರ ಹಾಸಿ, ಮೂರನೇ ಪಿಂಡ ಇಟ್ಟು ಕೈಮುಗಿದ. ಈ ಸಲ ಅವನ ಮುಖದಲ್ಲಿ ಧೈರ್ಯವಿತ್ತು.

ಕೂಡಲೇ ದಪ್ಪನೆಯ ಕಾಗೆಯೊಂದು ಬಂದು ಕೂತಿತು. ಕಾಗೆ ಪಿಂಡವನ್ನು ಒಂದು ಸುತ್ತು ಹಾಕಿತು. ಬದರಿನಾಥನನ್ನು ನೋಡಿತು. ಆಮೇಲೆ ಪಿಂಡವನ್ನು ದಾಟಿಕೊಂಡು, ಕುಪ್ಪಳಿಸುತ್ತ ಕಟ್ಟೆಯ ಆ ತುದಿಗೆ ಹೋಯಿತು. ಅಲ್ಲಿ ಜಯಂತ ಅಂಗಡಿಯಿಂದ ಆಗಷ್ಟೇ ತಂದ ಬಿಸಿ ಫ್ರೆಂಚ್ ಫ್ರೈಸ್ ತಿನ್ನುತ್ತ ಕೂತಿದ್ದ. ಕಾಗೆ ಅವನ ಮೊಣಕಾಲಿನ ಮೇಲೆ ಹತ್ತಿ, ಅವನ ಬೆರಳಿನಿಂದ ಒಂದು ಆಲೂಗಡ್ಡೆ ತುಂಡನ್ನು ಮೆಲ್ಲಗೆ ತೆಗೆದುಕೊಂಡು, ಅಲ್ಲೇ ಕೂತು ತಿಂದಿತು.

ಇಲ್ಲಿ ಕಹಿ ಮದ್ದೂ ಇರಲಿಲ್ಲ, ಇಂಗ್ರಿಡ್ಡೂ ಇರಲಿಲ್ಲ. ಹೇಳಿಕೊಳ್ಳಲು ಬದರಿನಾಥನಿಗೆ ಯಾವ ನೆಪವೂ ಉಳಿಯಲಿಲ್ಲ.

ಜಯಂತನ ಮುಖ ಬಿಳುಚಿಕೊಂಡಿತ್ತು. "ಅಂಕಲ್..." ಎಂದ ಅವನು, ಕಾಗೆಯನ್ನೇ ನೋಡುತ್ತ. ಆಮೇಲೆ ಬದರಿನಾಥನ ಕಡೆ ತಿರುಗಿದ. "ಗುರುಗಳೇ, ಬೆಳಿಗ್ಗೆಯಿಂದ ಹೇಳ್ಬೇಕು ಅಂತಿದ್ದೆ, ಬಾಯಿ ಬರ್ಲಿಲ್ಲ. ನಿಮ್ಮಪ್ಪ ಇಲ್ಲಿದ್ದಾಗ ಸಂಜೆ ವಾಕಿಂಗ್ ಹೋಗ್ತಿದ್ರಲ್ಲ, ಜೊತೆಗೆ ನಾನೂ ಹೋಗ್ತಿದ್ದೆ. ಲೇಕ್ ಪಕ್ಕದ ಪಾರ್ಕಲ್ಲಿ ಕೂತ್ಕೊಂಡು ಇಬ್ರೂ ಫ್ರೈಸ್ ತಿಂತಿದ್ವಿ. ನಿಮಗೆ ಹೇಳಬಾರದು ಅಂತ ಆಣೆ ಹಾಕ್ಸಿದ್ರು."

"ಎಷ್ಟು ದಿನ?"

"ದಿನಾ."

ಬದರಿನಾಥ ಕಟ್ಟೆಯ ಮೇಲೆ ಕೂತ. ತೂಗಿ ಹಾಕಿದ ಉಪ್ಪು, ಬಚ್ಚಿಟ್ಟ ಎಣ್ಣೆ ಡಬ್ಬ, ಆರು ತಿಂಗಳ ಜಗಳ ಎಲ್ಲ ಕಣ್ಣ ಮುಂದೆ ಬಂದವು. ಅಪ್ಪನನ್ನು ಉಳಿಸಿಕೊಳ್ಳಲೂ ಆಗಲಿಲ್ಲ, ಅವರ ಹೊಟ್ಟೆ ತುಂಬಿಸಲೂ ಆಗಲಿಲ್ಲ. ಅವನಿಗೆ ಜಯಂತನ ಕತ್ತು ಹಿಸುಕಬೇಕೆನಿಸಿತು, ಮರುಕ್ಷಣವೇ ಅವನ ಕಾಲು ಹಿಡಿಯಬೇಕೆನಿಸಿತು. ಎರಡನ್ನೂ ಮಾಡಲಾರದೆ ಕೇಳಿದ:

"ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?"

ಜಯಂತ ತಡವರಿಸಿದ. ಜೀವಮಾನದಲ್ಲಿ ಅವನು ಒಂದು ಸುಳ್ಳು ಹೇಳಬೇಕಿದ್ದರೆ ಅದನ್ನು ಹೇಳಬೇಕಿದ್ದ ಗಳಿಗೆ ಅದು. ಆದರೆ ಅವನಿಗೆ ಅಷ್ಟು ಬುದ್ಧಿ ಇರಲಿಲ್ಲ.

"'ನನ್ನ ಮಗ ಬಂಗಾರ ಕಣಯ್ಯಾ. ಆದ್ರೆ ಅವನ ಮನೇಲಿ ಹಸಿವಾಗತ್ತೆ' ಅಂತಿದ್ರು."

ಬದರಿನಾಥ ಎದ್ದು, ಪಿಂಡವನ್ನು ಕರವಸ್ತ್ರದ ಸಮೇತ ಎತ್ತಿ ತಂದು ಜಯಂತನ ಕೈಯಲ್ಲಿಟ್ಟ.

"ನೀವೇ ಇಡಿ."

"ನಾನಾ? ಜನಿವಾರ ಗಿನಿವಾರ ಏನಾದ್ರೂ..."

"ಸುಮ್ನೆ ಇಡಿ ಮಾರಾಯ್ರೇ."

ಜಯಂತ ಇಟ್ಟ. ಅವನು ಕೈ ತೆಗೆಯುವ ಮೊದಲೇ ಕಾಗೆ ಪಿಂಡಕ್ಕೆ ಬಾಯಿ ಹಾಕಿತು. ಇನ್ನೆರಡು ಕಾಗೆಗಳನ್ನೂ ಕೂಗಿ ಕರೆಯಿತು. ಎಳ್ಳಿನ ಕಾಳು ಕೂಡ ಬಿಡದೆ ಮೂರೂ ತಿಂದು, ಕೊಕ್ಕನ್ನು ಕರವಸ್ತ್ರಕ್ಕೆ ಒರೆಸಿ ಹಾರಿಹೋದವು.

ಅಲಮೇಲುವಿನ ಮುಖ ಅರಳಿತು. ಬೆಳಿಗ್ಗೆಯಿಂದ ಉಪವಾಸವಿದ್ದವಳು ಚೀಲದಿಂದ ಮೊಸರನ್ನದ ಡಬ್ಬಿ ತೆಗೆದು, ಗಂಡನಿಗೆ ಒಂದು ತಟ್ಟೆ ಬಡಿಸಿದಳು. "ಮುಟ್ಟಿತಲ್ಲ, ಸದ್ಯ. ಬನ್ನಿ, ಎರಡು ತುತ್ತು ತಿನ್ನಿ."

ಬದರಿನಾಥ ತಟ್ಟೆ ಹಿಡಿದು ಕೂತ. ಇಡೀ ದಿನ ಕಾಡಿದ್ದ ಹಸಿವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ತುದಿಯಲ್ಲಿ ಜಯಂತ ಶರ್ವಾಣಿಗೆ ಪಿಂಡ ಇಡುವ ಸರಿಯಾದ ಕ್ರಮವನ್ನು ವಿವರಿಸುತ್ತಿದ್ದ. ಅಲಮೇಲು ಮೊದಲ ತುತ್ತು ನುಂಗಿ, ನೀರು ಕುಡಿದು, ಸಮಾಧಾನದಿಂದ ಹೇಳಿದಳು:

"ಮುಂದಿನ ವರ್ಷಾನೂ ಜಯಂತ್‌ನ ಕರೀಬೇಕು ಕಣ್ರೀ. ಈಗ್ಲೇ ಹೇಳಿಟ್ಬಿಡಿ."