ಭಟ್ಟಿ ಮಾಮಾನ ಲಸಾನ್ಯಾ

ನಮ್ಮ ಮಾಮಾ ಮೂವತ್ತು ವರ್ಷ ಬೆಂಕಿಯ ಜೊತೆ ಸಂಸಾರ ಮಾಡಿದವ, ಆದರೆ ಮನೆಯ ಗ್ಯಾಸ್ ಒಲೆ ಹಚ್ಚಲು ಅವನಿಗೆ ಬರುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಬಿಡಿ, ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಮುಂಬಯಿಯ ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಭಟ್ಟಿಯ ಮುಂದೆ ನಿಂತು, ಒಳಗಿನ ಬಣ್ಣ ನೋಡಿಯೇ "ಇನ್ನೂ ಐದು ನಿಮಿಷ ಬೇಕು" ಅನ್ನುತ್ತಿದ್ದ ಮನುಷ್ಯ! ಮನೆಗೆ ಬಂದರೆ ಒಂದು ಕಪ್ ಚಹಾಕ್ಕೂ ಮಾಮಿಯೇ ಆಗಬೇಕು. ಈಗ ಆ ಕಾರ್ಖಾನೆಯೂ ಇಲ್ಲ, ಅದರ ಜಾಗದಲ್ಲಿ ಆಕಾಶಕ್ಕೆ ಮುಟ್ಟುವ ಟವರ್ ನಿಂತಿದೆ. ಅದರ ಮುಂದೆ ಹಾದು ಹೋಗುವಾಗೆಲ್ಲ ಮಾಮಾ, "ಪಾಯಾ ಸರಿ ಇಲ್ಲ, ಬೀಳ್ತದ" ಅನ್ನುತ್ತಾನೆ.

ಅದೊಂದು ಚಾಳಿ ಅವನಿಗೆ. ಏನೂ ಸರಿಯಾಗುವುದಿಲ್ಲ ಎಂಬುದರಲ್ಲಿ ಅಪಾರ ಶ್ರದ್ಧೆ! ಭಾನುವಾರ ನಾನು ಸಯನ್‌ನಿಂದ ಹೊರಡುವ ಮೊದಲೇ ಫೋನು: "ಇವತ್ತ ಮೆಗಾಬ್ಲಾಕ್ ಅದ, ಹಳಿ ರಿಪೇರಿಗೆ ಗಾಡಿ ಬಂದ್. ನೀ ಬರೂದಿಲ್ಲ ಬಿಡು." ಬಂದು ಬಾಗಿಲು ತಟ್ಟಿದರೆ, "ಬಂದೀ? ಹೊಳ್ಳಿ ಹೋಗಲಿಕ್ಕೆ ಲೋಕಲ್ ಸಿಗೂದಿಲ್ಲ, ನೋಡ್ತಿರು." ಇಂಥವನ ಜೊತೆ ಮಾಮಿ ನಲವತ್ತು ವರ್ಷ ನಗುತ್ತ ಬಾಳಿದಳು. ಮಕ್ಕಳಿರಲಿಲ್ಲ. ಯಾರಾದರೂ ಆ ಮಾತು ತೆಗೆದರೆ, "ಇವರೊಬ್ಬರನ್ನ ಸಾಕಿದ್ದs ಸಾಕಾಗೇದ ನನಗ" ಎಂದು ಮುಗಿಸಿಬಿಡುತ್ತಿದ್ದಳು.

ಒಮ್ಮೆ ಮಾಮಿ ತಂಗಿಯ ಮಗಳ ಮದುವೆಗೆ ಧಾರವಾಡಕ್ಕೆ ಹೋದಳು. ಇಲ್ಲಿ ಪಕ್ಕದ ಮನೆಯವರು ಬಂದು ಅಕ್ಕಿ ಬೇಳೆ ತೊಳೆದು, ಕುಕ್ಕರ್ ಏರಿಸಿ, ಗ್ಯಾಸನ್ನೂ ಹಚ್ಚಿಕೊಟ್ಟು ಹೋದರು. ಮಾಮಾನ ಪಾಲಿಗೆ ಉಳಿದದ್ದು ಒಂದೇ ಕೆಲಸ: ಮೂರು ಸೀಟಿ ಆದ ಮೇಲೆ ಬಂದ್ ಮಾಡುವುದು. ಅಲ್ಲಿ ಮಂಟಪದಲ್ಲಿ ಮಂಗಳಾಷ್ಟಕ ನಡೆದಿದೆ, ಮಾಮಿಯ ಕೈಯಲ್ಲಿ ಅಕ್ಷತೆ ಇದೆ, ಫೋನು ಬಂತು!

"ಏ, ಇದು ಸೀಟೀನೋ, ಇಲ್ಲಾ ಬರೇ ಉಸಿರು ಬಿಡ್ಲಿಕ್ಕೆ ಹತ್ತೇದೋ? ಕೇಳಿ ಹೇಳು!" ಎಂದು ಮಾಮಾ ಫೋನನ್ನು ಕುಕ್ಕರಿನ ಬಾಯಿಗೇ ಹಿಡಿದ.

ಮಾಮಿ ಒಂದು ಕಿವಿ ಮಂತ್ರಕ್ಕೆ, ಒಂದು ಕಿವಿ ಕುಕ್ಕರಿಗೆ ಕೊಟ್ಟು ನಿಂತಳು. ಎಲ್ಲರೂ ಅಕ್ಷತೆ ಎಸೆದರು, ವಾಲಗ ಜೋರಾಯಿತು, ಅದೇ ಗಳಿಗೆಗೆ ಮೂರನೆಯ ಸೀಟಿ. "ಬಂದ್ ಮಾಡ್ರೀ!" ಎಂದು ಮಾಮಿ ಕೂಗಿದ ಕೂಗಿಗೆ ವಾಲಗದವರು ಗಾಬರಿಯಾಗಿ ಬಾರಿಸುವುದನ್ನೇ ನಿಲ್ಲಿಸಿದರಂತೆ!

ಇಂಥ ಮಾಮಿಗೆ ಹೋದ ದೀಪಾವಳಿ ಆದ ಮೇಲೆ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದರು. ಆಸ್ಪತ್ರೆ, ಸೂಜಿ, ಔಷಧಿ. ಕೂದಲು ಹೋಯಿತು, ಅದಕ್ಕೆ ಅವಳು ಅಳಲಿಲ್ಲ. ಆಮೇಲೆ ಊಟ ಹೋಯಿತು. ಒಗ್ಗರಣೆಯ ವಾಸನೆ ಬಂದರೆ ವಾಂತಿ. ನಾನು ಮಾಮಾನಿಗೆಂದು ತಂದ ಡಬ್ಬಿಯ ಮುಚ್ಚಳ ತೆಗೆದರೂ ವಾಂತಿ. ಮನೆಯಲ್ಲಿ ಒಲೆ ಹಚ್ಚುವುದೇ ನಿಂತುಹೋಯಿತು. ನನಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ಯಾವಾಗ ಗೊತ್ತೇ? ಮಾಮಾ "ಎಲ್ಲಾ ಸರಿ ಆಗ್ತದ" ಅನ್ನತೊಡಗಿದಾಗ! ಜನ್ಮದಲ್ಲಿ ಅನ್ನದ ಮಾತು. ಡಾಕ್ಟರು ಇವನನ್ನು ಒಬ್ಬನನ್ನೇ ಒಳಗೆ ಕರೆದು ಏನೋ ಹೇಳಿದ್ದಾರೆ ಎಂದು ನನಗೆ ಆಗಲೇ ಗೊತ್ತಾಯಿತು.

ಒಂದು ಸಂಜೆ ಟೀವಿಯಲ್ಲಿ ಯಾರೋ ಲಸಾನ್ಯಾ ಮಾಡುತ್ತಿದ್ದರು. ಲಟ್ಟಿಸಿದ ಹಿಟ್ಟಿನ ಹಾಳೆ, ಅದರ ಮೇಲೆ ಟೊಮೆಟೊ, ಅದರ ಮೇಲೆ ಹಾಲಿನ ಬಿಳಿ ಸಾಸು, ಚೀಜು, ಮತ್ತೆ ಹಾಳೆ. ಮಾಮಿ ಬೆರಳು ತೋರಿಸಿ, "ಅದನ್ನ ತಿನ್ನಬೇಕನಸ್ತದ" ಅಂದಳು. ವಾರಗಟ್ಟಲೆ ಆದ ಮೇಲೆ ಬೇಕು ಅಂದ ಮೊದಲ ಪದಾರ್ಥ! ನಾನು ಆರ್ಡರ್ ಮಾಡಲು ಮೊಬೈಲ್ ತೆಗೆದೆ.

"ಹೊರಗಿಂದು ಬ್ಯಾಡಂತ ಡಾಕ್ಟರು ಹೇಳ್ಯಾರ," ಎಂದು ಮಾಮಿ ತಡೆದಳು.

"ಹಂಗಾದ್ರ ನಾನs ಮಾಡಿಕೊಂಡು ಬರ್ತೀನಿ, ಮಾಮಿ."

"ನೀ ಬ್ಯಾಡ. ಇವರು ಮಾಡ್ಲಿ. ತಿಂದ್ರ ಇವರ ಕೈದs ತಿಂತೀನಿ."

ಮಾಮಾನ ಮುಖ ನೋಡಬೇಕಿತ್ತು! ಪಾಪ, ಎದ್ದು ನಿಂತ, ಕೂತ, ಮತ್ತೆ ಎದ್ದ. ನನ್ನನ್ನು ಬಾಗಿಲ ಹೊರಗೆ ಕರೆದು, "ಆಕಿ ತಿಂದ್ಲಂದ್ರ ಉಳೀತಾಳ, ಹೌದಲ್ಲ?" ಎಂದು ಕೇಳಿದ. ಏನು ಹೇಳಲಿ? ಹೌದು ಅಂದೆ.

ಮನೆಯಲ್ಲಿ ಅಡುಗೆ ಮಾಡುವಂತಿಲ್ಲ, ಓವನ್ ಅಂತೂ ಮೊದಲೇ ಇಲ್ಲ. ಉಳಿದದ್ದು ಬಿಲ್ಡಿಂಗಿನ ಟೆರೇಸು. ಮಾಮಾ ಹಳೆಯ ಎಣ್ಣೆ ಡ್ರಮ್ಮನ್ನು ಅಡ್ಡ ಕೊಯ್ಯಿಸಿ, ಇದ್ದಿಲು ತುಂಬಿ, ಮೇಲೆ ಕಬ್ಬಿಣದ ಜಾಳಿ ಹಾಕಿ, ನೀರಿನ ಟಾಕಿಯ ಪಕ್ಕ ಗ್ರಿಲ್ ಸ್ಥಾಪಿಸಿದ. ಬೆಂಕಿ ಏನು ಬೆಂಕಿ ಅಂತೀರಿ! ಅಂಗೈ ಚಾಚಿ ಶಾಖ ನೋಡುವುದೇನು, ಒಂದೊಂದೇ ಕೆಂಡ ಸರಿಸುವುದೇನು. ಆದರೆ ಮೇಲಿಟ್ಟ ಪದಾರ್ಥ? ಹಾಳೆಗಳು ಚಪ್ಪಲಿಯ ಅಟ್ಟೆಯಷ್ಟು ದಪ್ಪ, ಟೊಮೆಟೊ ಹಸಿಹಸಿ, ಬಿಳಿ ಸಾಸಿನ ತುಂಬ ಗಂಟು. ಅರ್ಧ ಗಂಟೆ ಕಾದು, ಪಾತೇಲಿಯ ಮೇಲೊಂದು ತಾಟು ಮುಚ್ಚಿ, ಎರಡನ್ನೂ ಹಿಡಿದು ಬೋರಲು ಹಾಕಿಯೇ ಬಿಟ್ಟ!

"ಅಯ್ಯ ಮಾಮಾ, ಏನ್ ಮಾಡ್ಲಿಕ್ಕೆ ಹತ್ತೀ!"

"ಹೊಳ್ಳಿಸಬ್ಯಾಡೇನು? ರೊಟ್ಟಿ ಹೊಳ್ಳಿಸೂದಿಲ್ಲೇನು ನಿನ್ನ ಮಾಮಿ? ಎರಡೂ ಕಡೆ ಬೇಯಲಾರದ್ದು ಅದೆಂಥಾ ಅಡಗಿ?"

ಚೀಜು ಕೆಂಡಕ್ಕೆ ಸುರಿದು ಭಗ್ ಎಂದು ಉರಿ ಎದ್ದಿತು. ಎದುರಿನ ವಿಂಗಿನಿಂದ ಹೊಗೆ ನೋಡಿದ ಸೊಸೈಟಿಯ ಸೆಕ್ರೆಟರಿ, ವಾಚ್‌ಮನ್ನನ ಕೈಯಲ್ಲಿ ಎರಡು ಬಕೆಟ್ ನೀರು ಹೊರಿಸಿಕೊಂಡು ಓಡಿ ಬಂದ. ಕೇಳುವ ಮೊದಲೇ ನೀರು ಬಿತ್ತು. ಗ್ರಿಲ್ ಆರಿತು, ಲಸಾನ್ಯಾ ತೇಲಿತು, ಮಾಮಾ ತೊಯ್ದು ನಿಂತ.

"ಕಾಕಾ, ಯೆ ಕ್ಯಾ ಲಗಾಯಾ ಹೈ? ಟೆರೇಸ್ ಪೆ ಅಲಾವ್ಡ್ ನಹೀ ಹೈ!" ಟೆರೇಸಿನ ಮೇಲೆ ಬೆಂಕಿ ಹಚ್ಚುವಂತಿಲ್ಲ ಎಂದು ಸೆಕ್ರೆಟರಿ ರೇಗಿದ.

"ಬೀವೀ ಕೋ ಖಾನಾ ಹೈ," ಹೆಂಡತಿಗೆ ತಿನ್ನಬೇಕಾಗಿದೆ, ಅಂದ ಮಾಮಾ. ಅಷ್ಟೇ ಅಂದ.

ಸೆಕ್ರೆಟರಿ ಖಾಲಿ ಬಕೆಟ್ ಎತ್ತಿಕೊಂಡು ಇಳಿದು ಹೋದ. ಮುಂದಿನ ಭಾನುವಾರ ನಾವು ಮೇಲೆ ಹೋದಾಗ ಎರಡು ಬಕೆಟ್ ನೀರು ಮೊದಲೇ ತುಂಬಿಟ್ಟಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ವಾಚ್‌ಮನ್ ಕೂತಿದ್ದ!

ಆಮೇಲೆ ಶುರುವಾಯಿತು ನೋಡಿ ಮಾಮಿಯ ಪರೀಕ್ಷೆ. ಪ್ರತಿ ಭಾನುವಾರ ಮಾಮಾ ಒಂದು ತುಣುಕನ್ನು ತಣ್ಣಗೆ ಆರಿಸಿ, ವಾಸನೆ ಹೊಡೆಯದಂತೆ ಮುಚ್ಚಿ, ಕೆಳಗೆ ಒಯ್ಯುವುದು. ಮಾಮಿ ಮೂಗಿಗೆ ಸೆರಗು ಹಿಡಿದು, ಬೆರಳಿಂದ ಒತ್ತಿ, ಪದರ ಬಿಡಿಸಿ ನೋಡಿ, ತಿನ್ನದೆ ತಿರುಗಿ ಕಳಿಸುವುದು. "ಹಾಳಿ ದಪ್ಪ ಆಗ್ಯಾವ. ಈ ವಾರ ದಿನಾ ಬರೇ ಹಿಟ್ಟು ನಾದಿ ಲಟ್ಟಿಸ್ರಿ." ಮುಂದಿನ ವಾರ, "ಟೊಮೆಟೊ ಹಸಿ ಅದ. ಎಣ್ಣಿ ಬಿಡೂತನಕಾ ಕುದಸ್ರಿ." ಅದರ ಮುಂದಿನ ವಾರ, "ಹಾಲು ತಳಾ ಹಿಡದದ. ಕಾಸುವಾಗ ಅತ್ತಿತ್ತ ನೋಡಬ್ಯಾಡ್ರಿ." ಮಾಮಾ ವಾರವಿಡೀ ಟೆರೇಸಿನ ಮೇಲೆ ಅದೊಂದನ್ನೇ ಮಾಡುವುದು. ಕೆಟ್ಟ ಹಾಳೆಗಳನ್ನು ಸುಟ್ಟುಕೊಂಡು, ಉಳಿದ ಟೊಮೆಟೊದಲ್ಲಿ ಅದ್ದಿ ತಾನೇ ತಿನ್ನುವುದು. ನಾನು ತಂದ ಡಬ್ಬಿ ಹಾಗೆಯೇ ವಾಪಸ್ ಬರತೊಡಗಿತು.

ಮಾಮಿ ಮಾತ್ರ ದಿನದಿನಕ್ಕೆ ಕರಗುತ್ತಿದ್ದಳು. ಬಳೆ ಮೊಣಕೈ ದಾಟಿ ಮೇಲೆ ಹೋಗುತ್ತಿತ್ತು. ಮಾಮಾ ಸಪ್ಪೆ ಮುಖ ಮಾಡಿಕೊಂಡು ತಾಟು ಎತ್ತುವುದನ್ನು ನೋಡಿ ಒಂದು ಭಾನುವಾರ ನನಗೆ ಸಿಟ್ಟು ನೆತ್ತಿಗೇರಿತು. "ಒಂದು ತುತ್ತು ತಿಂದ್ರ ನಿನ್ನ ಗಂಟೇನು ಹೋಗ್ತದ, ಮಾಮಿ? ಮುದುಕನ್ನ ಎಷ್ಟು ಕಾಡಸ್ತೀ?" ಎಂದೆ. ಹಾಸಿಗೆ ಹಿಡಿದವಳಿಗೆ ಹಾಗೆ ಅನ್ನಬಾರದಿತ್ತು. ಅವಳು ಗೋಡೆಯ ಕಡೆ ಮಗ್ಗಲಾದಳು. ಮಾಮಾ ಮಾತ್ರ ನನ್ನನ್ನು ಹೊರಗೆ ಕರೆದು, "ನೀ ಬೈಬ್ಯಾಡ. ಮುಂದಿನ ವಾರ ಖರೇನ ತಿಂತಾಳ" ಅಂದ.

ಆರನೆಯ ಭಾನುವಾರ ಮಾಮಿ, "ನನ್ನನ್ನೂ ಮ್ಯಾಲೆ ಕರಕೊಂಡು ಹೋಗ್ರಿ" ಅಂದಳು. ಲಿಫ್ಟು ಟೆರೇಸಿಗೆ ಹೋಗುವುದಿಲ್ಲ. ಕೊನೆಯ ಮಹಡಿಯಿಂದ ಅವಳನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಮಾಮಾ ಮತ್ತು ವಾಚ್‌ಮನ್ ಎತ್ತಿಕೊಂಡು ಹೋದರು. ಏನೂ ಭಾರವಿರಲಿಲ್ಲ. ವಾಸನೆ ಬಡಿಯದಂತೆ ಗಾಳಿ ಬೀಸುವ ಕಡೆ ಕೂರಿಸಿದೆವು.

ಅವಳು ಎರಡು ಗಂಟೆ ನೋಡುತ್ತ ಕೂತಳು. ಮಾಮಾ ಹಿಟ್ಟು ನಾದಿದ, ತೆಳ್ಳಗೆ ಲಟ್ಟಿಸಿದ. ಟೊಮೆಟೊ ಕುದಿಸಿ, ಒಂದು ಹನಿ ಅಂಗೈ ಮೇಲೆ ಹಾಕಿಕೊಂಡು ಉಪ್ಪು ನೋಡಿದ. ಹಾಲಿನಿಂದ ಕಣ್ಣು ತೆಗೆಯದೆ ಕೈಯಾಡಿಸಿದ. ಪದರ ಪೇರಿಸಿ, ತಾಟು ಮುಚ್ಚಿ, ತಾಟಿನ ಮೇಲೂ ಕೆಂಡ ಹರವಿದ. ಒಂದು ಸಲವೂ ಯಾರನ್ನೂ ಏನೂ ಕೇಳಲಿಲ್ಲ. ಮುಚ್ಚಳ ತೆಗೆದಾಗ ಹೊಂಬಣ್ಣಕ್ಕೆ ಬೆಂದು ಕೂತಿತ್ತು ಲಸಾನ್ಯಾ. ವಾಚ್‌ಮನ್ ಎದ್ದು ನಿಂತು ಚಪ್ಪಾಳೆ ತಟ್ಟಿದ!

ಮಾಮಿ ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದು, ನುಂಗಿದಳು. ಇನ್ನೊಂದು ಚಮಚ ಇಟ್ಟಳು. "ಭಾಳ ಛಲೋ ಆಗೇದ್ರಿ," ಅಂದಳು. ಮಾಮಾ ಏನು ಮಾಡಬೇಕೋ ತಿಳಿಯದೆ, "ನೀರು, ನೀರು ತರ್ತೀನಿ, ತಡಿ" ಎಂದು ಮೆಟ್ಟಿಲ ಕಡೆ ಓಡಿದ.

ಅವನು ಕಣ್ಮರೆಯಾದ ಕೂಡಲೇ ಮಾಮಿ ಎರಡನೆಯ ತುತ್ತನ್ನು ಸೆರಗಿಗೆ ಉಗುಳಿದಳು.

"ನನಗ ಯಾವುದರ ರುಚೀನೂ ಹತ್ತೂದಿಲ್ಲವ್ವಾ," ಅಂದಳು. "ಭಾಳ ದಿನಾ ಆತು."

"ಮತ್ತ ಯಾಕ ಇದೆಲ್ಲಾ ಮಾಡಿಸಿದಿ?"

"ಅನ್ನಾ ಸಾರು ಮಾಡೂದು ಕಲೀರಿ ಅಂದಿದ್ರ, ಯಾಕಂತ ಕೇಳ್ತಿದ್ರು. ಏನಂತ ಹೇಳಲಿ ಅವರಿಗೆ?" ಉಸಿರು ತೆಗೆದುಕೊಂಡಳು. "ಈಗ ಹಿಟ್ಟು ನಾದ್ತಾರ, ಹಾಲು ಕಾಸ್ತಾರ, ಉಪ್ಪು ನೋಡ್ತಾರ. ಉಪವಾಸ ಬೀಳೂದಿಲ್ಲ."

ಅವಳ ಬರಿದಾದ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತೆ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮಾಮಿ ನನ್ನನ್ನು ಸರಿಸಿ, ಸೆರಗು ಮಡಿಚಿಕೊಂಡು ನೆಟ್ಟಗೆ ಕೂತಳು. ಏದುಸಿರು ಬಿಡುತ್ತ ನೀರಿನ ತಂಬಿಗೆ ಹಿಡಿದು ಬಂದ ಮಾಮಾನ ಮುಂದೆ ತಾಟು ಚಾಚಿ, "ಇನ್ನೊಂದು ಸ್ವಲ್ಪ ಹಾಕ್ರಿ" ಅಂದಳು.